ಎನ್‌ಎಫ್‌ಎಲ್ ತಂಡ ಕಟ್ಟುವುದು: ಯಾರನ್ನು ಡ್ರಾಫ್ಟ್ ಮಾಡಬೇಕು, ಯಾರನ್ನು ಕೊಳ್ಳಬೇಕು

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಆಟಗಾರನ ಜೊತೆಗೆ ಅವನ ಒಪ್ಪಂದದ ವರ್ಷಗಳೂ ಬರುತ್ತವೆ. ಆ ವರ್ಷಗಳು ಅಗ್ಗವೋ ದುಬಾರಿಯೋ ಎಂಬುದೇ ಮೊದಲ ಲೆಕ್ಕ. 2025ರ ಸ್ಯಾಲರಿ ಕ್ಯಾಪ್, ಅಂದರೆ ಒಂದು ತಂಡ ಸಂಬಳಕ್ಕೆ ಬಳಸಬಹುದಾದ ಮಿತಿ, 27.92 ಕೋಟಿ ಡಾಲರ್ ಇತ್ತು. 53 ಜನರ ತಂಡ ಅದರೊಳಗೇ ಹಿಡಿಸಬೇಕು.

ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸುತ್ತು ಸುತ್ತಾಗಿ ಹೊಸ ಆಟಗಾರರನ್ನು ಆರಿಸುವಾಗ, ಆಯ್ಕೆಯಾದ ಹುಡುಗ ನಾಲ್ಕು ವರ್ಷ ಹೆಚ್ಚುಕಡಿಮೆ ನಿಗದಿತ ದರಕ್ಕೆ ಆಡುತ್ತಾನೆ. ಮೊದಲ ಸುತ್ತಿನವನಾದರೆ ಐದನೇ ವರ್ಷದ ಆಯ್ಕೆಯೂ ತಂಡದ ಕೈಯಲ್ಲಿರುತ್ತದೆ. ಹಾಗಾಗಿ ಮಾರುಕಟ್ಟೆಯಲ್ಲಿ ಅತಿ ದುಬಾರಿಯಾದ ಸ್ಥಾನಗಳನ್ನೇ ಡ್ರಾಫ್ಟ್‌ನಿಂದ ತುಂಬಿ: ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ಆಟ ನಡೆಸುವವನು), ಲೆಫ್ಟ್ ಟ್ಯಾಕಲ್ (ಅವನನ್ನು ಎಡಬದಿಯಲ್ಲಿ ಕಾಯುವವನು), ಎಡ್ಜ್ ರಷರ್ (ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆ ಬದಿಯಿಂದ ನುಗ್ಗುವವನು), ಕಾರ್ನರ್ (ಎದುರಾಳಿಯ ಚೆಂಡು ಹಿಡಿಯುವವರನ್ನು ತಡೆಯುವವನು). ಉಳಿತಾಯ ಇಲ್ಲೇ ದೊಡ್ಡದು. ಸಿಯಾಟಲ್ 2012ರಲ್ಲಿ ಮೂರನೇ ಸುತ್ತಿನಲ್ಲಿ, 75ನೆಯವನಾಗಿ ರಸೆಲ್ ವಿಲ್ಸನ್‌ನನ್ನು ಆರಿಸಿತು. ಕ್ವಾರ್ಟರ್‌ಬ್ಯಾಕ್‌ಗೆ ಹಣ ಹೋಗದ್ದರಿಂದ ಮರುವರ್ಷ ರಕ್ಷಣಾ ಸಾಲಿನ ಮೈಕೆಲ್ ಬೆನೆಟ್, ಕ್ಲಿಫ್ ಆವ್ರಿಲ್ ಇಬ್ಬರನ್ನೂ ಕೊಳ್ಳಲು ಸಾಧ್ಯವಾಯಿತು. ಆ ಋತುವಿನ ಸೂಪರ್ ಬೌಲ್ (ಲೀಗ್‌ನ ಫೈನಲ್) ಅವರದೇ.

ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು), ಸೇಫ್ಟಿ (ರಕ್ಷಣೆಯ ಕೊನೆಯ ಕಾವಲುಗಾರ), ಒಳಗಿನ ಲೈನ್‌ಬ್ಯಾಕರ್ (ರಕ್ಷಣಾ ಸಾಲಿನ ಹಿಂದೆ ಮಧ್ಯದಲ್ಲಿ ನಿಲ್ಲುವವನು) ಫ್ರೀ ಏಜೆನ್ಸಿಯಲ್ಲಿ, ಅಂದರೆ ಒಪ್ಪಂದವಿಲ್ಲದ ಆಟಗಾರರ ಮಾರುಕಟ್ಟೆಯಲ್ಲಿ, ಅಷ್ಟು ಭಾರವಾಗುವುದಿಲ್ಲ. 2024ರಲ್ಲಿ ಫಿಲಡೆಲ್ಫಿಯಾ ರನ್ನಿಂಗ್ ಬ್ಯಾಕ್ ಸೇಕ್ವಾನ್ ಬಾರ್ಕ್ಲಿ, ಲೈನ್‌ಬ್ಯಾಕರ್ ಝ್ಯಾಕ್ ಬಾನ್ ಇಬ್ಬರನ್ನೂ ಹೀಗೇ ತಂದು ಸೂಪರ್ ಬೌಲ್ ಗೆದ್ದಿತು.

ಫ್ರೀ ಏಜೆನ್ಸಿ ಶುರುವಾಗುವುದು ಮಾರ್ಚ್‌ನಲ್ಲಿ, ಡ್ರಾಫ್ಟ್ ನಡೆಯುವುದು ಏಪ್ರಿಲ್‌ನಲ್ಲಿ. ಈ ಅನುಕ್ರಮವನ್ನು ಬಳಸಿಕೊಳ್ಳಿ. ಖಾಲಿ ಸ್ಥಾನಗಳಿಗೆ ಮಾರ್ಚ್‌ನಲ್ಲೇ ಒಂದೆರಡು ವರ್ಷದ ಒಪ್ಪಂದದಲ್ಲಿ ಸಾಧಾರಣ ಆಟಗಾರರನ್ನಾದರೂ ಕೂರಿಸಿ. ಇಲ್ಲದಿದ್ದರೆ ಡ್ರಾಫ್ಟ್ ದಿನ 'ಗಾರ್ಡ್ (ಟ್ಯಾಕಲ್ ಪಕ್ಕದ ತಡೆಗಾರ) ಬೇಕೇ ಬೇಕು' ಎಂಬ ಒತ್ತಡಕ್ಕೆ ಮೂರನೇ ಸುತ್ತಿನ ಯೋಗ್ಯತೆಯವನನ್ನು ಮೊದಲ ಸುತ್ತಿನಲ್ಲೇ ತೆಗೆದುಕೊಳ್ಳುತ್ತೀರಿ. ನನ್ನ ಎಣಿಕೆಯಲ್ಲಿ ಡ್ರಾಫ್ಟ್ ಕೆಡಲು ಇದಕ್ಕಿಂತ ದೊಡ್ಡ ಕಾರಣವಿಲ್ಲ.

ಕೊಳ್ಳುವಾಗ ಒಪ್ಪಂದ ಮುಗಿಯುವ ಮೊದಲೇ ಬೇರೆ ತಂಡ ಕೈಬಿಟ್ಟವರನ್ನು ಮೊದಲು ನೋಡಿ. ನಿಮ್ಮಿಂದ ಫ್ರೀ ಏಜೆಂಟ್‌ಗಳು ಹೋದದ್ದಕ್ಕೆ ಲೀಗ್ ಮೂರರಿಂದ ಏಳನೇ ಸುತ್ತಿನವರೆಗೆ ಪರಿಹಾರದ ಪಿಕ್ (ಡ್ರಾಫ್ಟ್‌ನಲ್ಲಿ ಹೆಚ್ಚುವರಿ ಆಯ್ಕೆಯ ಅವಕಾಶ) ಕೊಡುತ್ತದೆ. ಒಪ್ಪಂದ ಮುಗಿದು ಬಂದವರನ್ನು ಸೇರಿಸಿಕೊಂಡರೆ ಆ ಪಿಕ್ ರದ್ದಾಗಬಹುದು. ಕೈಬಿಟ್ಟವರು ಈ ಲೆಕ್ಕಕ್ಕೆ ಬರುವುದಿಲ್ಲ.

ಸಹಿ ಹಾಕಿದ್ದಕ್ಕೆ ಕೊಡುವ ಸೈನಿಂಗ್ ಬೋನಸ್ ಬಗ್ಗೆ ಎಚ್ಚರ. ಹಣ ಇಂದೇ ಕೊಟ್ಟರೂ ಕ್ಯಾಪ್‌ನಲ್ಲಿ ಅದು ಗರಿಷ್ಠ ಐದು ವರ್ಷಕ್ಕೆ ಹರಡುತ್ತದೆ. ನಾಲ್ಕು ವರ್ಷಕ್ಕೆ 2 ಕೋಟಿ ಡಾಲರ್ ಬೋನಸ್ ಎಂದರೆ ವರ್ಷಕ್ಕೆ 50 ಲಕ್ಷ. ಎರಡು ವರ್ಷಕ್ಕೇ ಅವನನ್ನು ಬಿಟ್ಟರೆ ಉಳಿದ 1 ಕೋಟಿ ಡೆಡ್ ಮನಿಯಾಗಿ (ತಂಡದಲ್ಲಿಲ್ಲದವನಿಗಾಗಿ ಕ್ಯಾಪ್‌ನಲ್ಲಿ ಉಳಿಯುವ ಲೆಕ್ಕ) ಒಮ್ಮೆಲೇ ಮೈಮೇಲೆ ಬೀಳುತ್ತದೆ. ಜೂನ್ 1ರ ನಿಯಮ (ಆ ದಿನದ ನಂತರ ಬಿಟ್ಟಂತೆ ಲೆಕ್ಕ ಹಾಕುವುದು) ಬಳಸಿದರೆ ಎರಡು ವರ್ಷಕ್ಕೆ ಹಂಚಬಹುದು, ತಪ್ಪಿಸಲಾಗದು.

ಟ್ರೇಡ್‌ಗೆ, ಅಂದರೆ ಇನ್ನೊಂದು ತಂಡದ ಆಟಗಾರನನ್ನು ವಿನಿಮಯದಲ್ಲಿ ತರುವುದಕ್ಕೆ, ಎರಡು ಬೆಲೆ: ಮೊದಲು ಪಿಕ್, ಆಮೇಲೆ ಹೊಸ ಒಪ್ಪಂದ. ಎರಡನ್ನೂ ಒಟ್ಟಿಗೆ ಕೂಡಿಸಿಯೇ ಫೋನ್ ಎತ್ತಿ. ಡೆನ್ವರ್ 2022ರಲ್ಲಿ ವಿಲ್ಸನ್‌ಗಾಗಿ ಎರಡು ಮೊದಲ ಸುತ್ತಿನ, ಎರಡು ಎರಡನೇ ಸುತ್ತಿನ ಪಿಕ್‌ಗಳನ್ನೂ ಮೂವರು ಆಟಗಾರರನ್ನೂ ಕೊಟ್ಟಿತು. ಅವನು ಒಂದು ಪಂದ್ಯ ಆಡುವ ಮುನ್ನವೇ ಒಪ್ಪಂದ ಬೆಳೆಸಿತು. 2024ರಲ್ಲಿ ಬಿಟ್ಟಾಗ ಸುಮಾರು 8.5 ಕೋಟಿ ಡಾಲರ್ ಡೆಡ್ ಮನಿ. ಅದೇ ರ‍್ಯಾಮ್ಸ್ ಎರಡು ಮೊದಲ ಸುತ್ತಿನ ಪಿಕ್, ಒಂದು ಮೂರನೇ ಸುತ್ತಿನ ಪಿಕ್, ಜೊತೆಗೆ ತನ್ನ ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್‌ನನ್ನು ಕೊಟ್ಟು ಡೆಟ್ರಾಯಿಟ್‌ನ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟಾಫರ್ಡ್‌ನನ್ನು ತಂದು ಮೊದಲ ಋತುವಿನಲ್ಲೇ ಪ್ರಶಸ್ತಿ ಗೆದ್ದಿತು. ಆದರೆ ರಕ್ಷಣೆಯ ತಾರೆ ಆರನ್ ಡೊನಾಲ್ಡ್, ಚೆಂಡು ಹಿಡಿಯುವ ತಾರೆ ಕೂಪರ್ ಕಪ್ ಇಬ್ಬರೂ ಅವರದೇ ಡ್ರಾಫ್ಟ್‌ನವರು. ಬುನಾದಿ ಮೊದಲೇ ಇತ್ತು, ಕೊರತೆ ಇದ್ದದ್ದು ಒಂದೇ ಸ್ಥಾನದಲ್ಲಿ. ನಿಮ್ಮ ತಂಡದಲ್ಲಿ ಅಂಥ ಕೊರತೆ ಮೂರೋ ನಾಲ್ಕೋ ಇದ್ದರೆ ಮೊದಲ ಸುತ್ತಿನ ಪಿಕ್ ಮಾರಬೇಡಿ.