ತೇಲೋ ಗಿಡದ ತಲಿ ತೊಯ್ಯಬಾರ್ದು

ಮೀನಿನ ಗಾಜಿನ ಟಾಕ್ಯಾಗ ತೇಲೋ ಗಿಡ ತಂದು ಬಿಡ್ತಾರ, ಎಂಟು ದಿನದಾಗ ಕೊಳಸ್ತಾರ, ಆಮ್ಯಾಲ "ಕಲಬುರಗಿ ನೀರು ಸರಿ ಇಲ್ರಿ, ಇಲ್ಲಿ ಬಿಸಲಿಗಿ ತಾಳಂಗಿಲ್ರಿ" ಅಂತ ಊರಿನ ಮ್ಯಾಲ ಹಾಕಿ ಕೂಡ್ತಾರ. ಕೇಳಿ ಕೇಳಿ ಸಾಕಾಗ್ಯಾದ. ಊರಿಂದೇನು ತಪ್ಪು? ಇದೇ ಬಿಸಲಾಗ ಹಿಂದ ಅಂಗಳದ ಕಲ್ಲಿನ ಹೌದಿನ್ಯಾಗ ಅಂತರಗಂಗಿ ಹಸರ ಚಾಪಿ ಹಾಸಿದಂಗ ಹಬ್ಬಿರ್ತಿತ್ತು. ಸೊಳ್ಳಿ ಮರಿ ತಿನ್ಲಿ ಅಂತ ಒಳಗ ನಾಕು ಗಪ್ಪಿ ಮೀನ ಬಿಟ್ಟಿರ್ತಿದ್ರು. ಗೊಬ್ಬರ ಹಾಕಿದವ್ರಿಲ್ಲ, ಲೈಟ್ ಹಚ್ಚಿದವ್ರಿಲ್ಲ. ಆದ್ರ ಆ ನೀರು ಅಲಗಾಡ್ತಿರಲಿಲ್ಲ, ಮ್ಯಾಲ ಮುಚ್ಚಳ ಇರಲಿಲ್ಲ. ಈಗಿನವ್ರು ಕೆಳಗ ಫಿಲ್ಟರ್ ಭರ್ರ ಅಂತ ಬಿಟ್ಟು, ಮ್ಯಾಲ ಗಾಜು ಗಟ್ಟಿ ಮುಚ್ಚಿ, ನಡುವ ಗಿಡ ಬದುಕ್ಬೇಕು ಅಂತಾರ.

ತೇಲೋ ಗಿಡದ ಬೇರು ನೀರಾಗ, ತಲಿ ಗಾಳ್ಯಾಗ. ಉಸಿರಾಡೋದು, ಗಾಳ್ಯಾಗಿನ ಇಂಗಾಲ ಎಳಕೊಳ್ಳೋದು ಎಲ್ಲಾ ಮ್ಯಾಲಿನ ಎಲಿಯಿಂದಾನೇ. ಅದಕ್ಕಂತಾನೇ ಮುಳುಗಿದ ಗಿಡಕ್ಕಿಂತ ಇವು ಭಾಳ ಜೋರಾಗಿ ಬೆಳೀತಾವ. ಅಂತರಗಂಗಿ ಎಲಿ ಮ್ಯಾಲಿನ ಸಣ್ಣ ಸಣ್ಣ ರೋಮ ನೋಡ್ರಿ, ನೀರು ಬಿದ್ರ ಮುತ್ತಿನಂಗ ಉರುಳಿ ಹೋಗ್ತದ. ಸಾಲ್ವೀನಿಯಾ ಅನ್ನೋ ತೇಲೋ ಗಿಡಕ್ಕೂ ಹಂಗೇ ಅದಾವ. ಒಂದೆರಡು ಹನಿಗಿ ಆ ರೋಮ ಜಗ್ಗಂಗಿಲ್ಲ. ಆದ್ರ ಹಗಲೂ ರಾತ್ರಿ ಹನಿ ಬೀಳ್ಲಿಕತ್ತಿದ್ರ, ಇಲ್ಲಾ ಫಿಲ್ಟರ್ ನೀರು ಗಿಡಾನ ಮುಳುಗಿಸಿ ಮುಳುಗಿಸಿ ಎತ್ತಲಿಕತ್ತಿದ್ರ, ನಡುವಿನ ಕುಡಿ ಮೊದಲು ಕಂದು ಆಗ್ತದ, ಆಮ್ಯಾಲ ಜೋಳದ ಗಂಜಿ ಹಂಗ ಮೆತ್ತಗಾಗಿ ಕರಗ್ತದ. ಅದನ್ನ ನೋಡಿ ನೀವು ಗೊಬ್ಬರ ಸುರೀತೀರಿ. ತಲಿ ತೊಯ್ದದ್ದಕ್ಕ ಹೊಟ್ಟಿಗಿ ಔಷಧ!

ಯಾವ ಗಿಡ ತರ್ಬೇಕು ಅನ್ನೋದನ್ನ ಜಲ್ದಿ ಹೇಳಿಬಿಡ್ತೀನಿ. ಹೊಸದಾಗಿ ಶುರು ಮಾಡೋರು ಅಮೆಜಾನ್ ಫ್ರಾಗ್‌ಬಿಟ್ ತಗೋರಿ. ದುಂಡನ ಎಲಿ, ಅಡಿಗಿ ಗಾಳಿ ತುಂಬಿದ ಸ್ಪಂಜಿನಂಥಾ ಪದರ, ಗಡಸು ನೀರಿಗೂ ಹೊಂದಿಕೊಳ್ತದ. ಅಂತರಗಂಗಿ ಚಂದ, ಆದ್ರ ಬೇರು ಉದ್ದ, ಜಾಗಾ ಬೇಕು. ರೆಡ್ ರೂಟ್ ಫ್ಲೋಟರ್ ಕೆಂಪಗ ಕಾಣಬೇಕಂದ್ರ ಜೋರು ಬೆಳಕು ಬೇಕು, ಇಲ್ಲಾಂದ್ರ ಹಸರಾಗೇ ಉಳೀತದ. ಅಂಗಡ್ಯಾವ ಮೋಸ ಮಾಡಿದ ಅನಬ್ಯಾಡ್ರಿ. ಜಲಕುಂಭಿ ಮನಿಯೊಳಗ ಬ್ಯಾಡ, ಅದಕ್ಕ ನೆತ್ತಿ ಸುಡೋ ಬಿಸಲು ಬೇಕು. ಇನ್ನ ಡಕ್‌ವೀಡ್, ಸಾಸವಿ ಕಾಳಿಗಿಂತ ಜರಾ ದೊಡ್ಡ ಎಲಿ, ಮನ್ಯಾಗ ಗೋಲ್ಡ್‌ಫಿಶ್ ಇದ್ರ ಮಾತ್ರ ತರ್ರಿ. ಅವು ತಿಂದು ಹದ್ದಿನ್ಯಾಗ ಇಡ್ತಾವ. ಇಲ್ಲಾಂದ್ರ ಒಂದ್ಸಲ ಒಳಗ ಹೊಕ್ಕಿದ್ದು ಹೊರಗ ಹೋಗಂಗಿಲ್ಲ. ಬಲಿಗಿ ಹತ್ತಿ, ಕೈಗಿ ಹತ್ತಿ, ಫಿಲ್ಟರಿನ ಸಂದ್ಯಾಗ ಒಂದೆರಡು ಎಲಿ ಉಳದ್ರೂ ತಿಂಗಳೊಳಗ ಮತ್ತ ಟಾಕಿ ತುಂಬ್ತದ.

ತಂದ ಗಿಡ ನೆಟ್ಟಗ ಟಾಕಿಗಿ ಹಾಕಬ್ಯಾಡ್ರಿ. ಒಂದು ಅಗಲಾದ ಬೋಗಣ್ಯಾಗ ನೀರು ಹಾಕಿ ಕಿಡಕಿ ಹತ್ರ ಒಂದು ವಾರ ಇಡ್ರಿ. ಎಲಿ ಹೊಳ್ಳಿಸಿ ನೋಡ್ರಿ, ಬಸವನ ಹುಳದ ತತ್ತಿ ಇದ್ರ ಬೆಳ್ಳಗ ಲೋಳಿ ಹನಿ ಹಂಗ ಅಂಟಿರ್ತದ, ಉಗುರಿಂದ ಕೆರದು ತೆಗೀರಿ. ಮೊದಲಿನ ಒಂದೆರಡು ವಾರದಾಗ ಹಳಿ ಎಲಿ ಹಳದಿಯಾಗಿ ಕರಗೋದು ಖರೆ, ಅದಕ್ಕ ಅಂಜಬ್ಯಾಡ್ರಿ. ಹೊಸಾ ನೀರಿಗಿ ಹೊಂದೋ ತನಕ ಹಳಿ ಎಲಿ ಬಿಡ್ತದ, ಹೊಸದು ತೆಗೀತದ. ಕರಗಿದ್ದನ್ನ ದಿನಾ ಆರಿಸಿ ತೆಗೀರಿ. ಅಲ್ಲೇ ಕೊಳೀಲಿಕ್ಕ ಬಿಟ್ರ ಪಕ್ಕದ್ದನ್ನೂ ಕೆಡಸ್ತದ.

ಈಗ ವರ್ತುಲದ ಮಾತು, ಅಂದ್ರ ಗಿಡ ಓಡಾಡದಂಗ ನೀರಿನ ಮ್ಯಾಲ ತೇಲಿಬಿಡೋ ಪೈಪಿನ ಉಂಗುರ. ಇದನ್ನ ಮಾಡ್ರಿ ಅಂದ್ರ ಎಲ್ಲಾರೂ ನಗ್ತಾರ, "ಅಷ್ಟೆಲ್ಲಾ ಯಾಕ್ರಿ ಅವ್ವಾ" ಅಂತಾರ. ಆಮ್ಯಾಲ ಗಿಡ ಎಲ್ಲಾ ಫಿಲ್ಟರ್ ಬುಡಕ ಹೋಗಿ ಗಿರಿಗಿಟ್ಲೆ ಹೊಡೆಯೋದನ್ನ ನೋಡ್ಕೋತ ನಿಂದರ್ತಾರ.

ಗಾಳಿ ಪಂಪಿಗಿ ಹಾಕೋ 6 ಮಿ.ಮೀ. ದಪ್ಪಿನ ಮೆತ್ತನ ಪೈಪು ಇರ್ತದಲ್ಲ, ಅದನ್ನ 70 ಸೆಂ.ಮೀ. ಕತ್ತರಿಸಿ ಎರಡೂ ಬಾಯಿ ಕೂಡಿಸಿದ್ರ ಸುಮಾರು 22 ಸೆಂ.ಮೀ. ಅಗಲದ ವರ್ತುಲ ಆಗ್ತದ. ಎರಡು ಫೂಟ್ ಉದ್ದ, ಒಂದು ಫೂಟ್ ಅಗಲದ ಟಾಕ್ಯಾಗ ಇಂಥಾವು ಎರಡು ಬರೋಬ್ಬರಿ ಕೂಡ್ತಾವ, ಫಿಲ್ಟರ್ ಕಡಿಗಿ ಒಂದು ಗೇಣಿಗಿ ಜರಾ ಕಡಿಮಿ ಜಾಗಾ ಖಾಲಿ ಉಳೀತದ. ಗಿಡ ವರ್ತುಲದ ಒಳಗೇ ಇರ್ಬೇಕು. ಎರಡೂ ಕೂಡಿ ನೀರಿನ ಅರ್ಧಕ್ಕಿಂತ ಕಡಿಮಿ ಮುಚ್ತಾವ, ಹಿಂಗಾಗಿ ಎಷ್ಟು ಬೆಳಸ್ಬೇಕು ಅಂತ ಬ್ಯಾರೆ ಲೆಕ್ಕ ಹಾಕೋ ಕೆಲಸಾ ಇಲ್ಲ. ಗಿಡ ಪೈಪು ದಾಟಿ ಹೊರಗ ಕಾಲು ಚಾಚಿದ್ವು ಅಂದ್ರ ತೆಗಿಯೋ ದಿನ ಬಂತು ಅಂತ.

ಪೈಪು ಕತ್ತರಿಲೆ ಕತ್ತರಿಸಬ್ಯಾಡ್ರಿ. ಕತ್ತರಿ ಬಾಯಿ ಪೈಪಿನ ತುದಿ ಚಪ್ಪಟಿ ಮಾಡ್ತದ, ಜಾಯಿಂಟ್ ಸರಿ ಕೂಡಂಗಿಲ್ಲ, ಸಂದ್ಯಾಗಿಂದ ನೀರು ಒಳಗ ಇಳೀತದ. ಹೊಸಾ ಬ್ಲೇಡ್ ತಗೊಂಡು ನೆಟ್ಟಗ ಒಂದೇ ಏಟಿಗಿ ಕೊಯ್ರಿ. ಸುರುಳಿಯಾಗಿ ಬಂದ ಪೈಪು ತಿರುವಿಕೊಂಡಿರ್ತದ, ಹಂಗೇ ಕೂಡಿಸಿದ್ರ ನೀರಿನ ಮ್ಯಾಲ ಜಿಲೇಬಿ ಆಗಿ ಎದ್ದು ಕೂಡ್ತದ. ಚಹಾ ಕುಡಿಯೋವಷ್ಟು ಬಿಸಿ ನೀರಾಗ ಒಂದು ನಿಮಿಷ ಅದ್ದಿ, ಪರಾತದಾಗ ದುಂಡಗ ಮಲಗಿಸಿ, ಮ್ಯಾಲ ಲತ್ತಿ ಮಣಿ ಹೇರಿ ಆರೋ ತನಕ ಬಿಡ್ರಿ. ಆಮ್ಯಾಲ ಒಳಗ ಊದಿ ಊದಿ ಒಂದು ಹನಿನೂ ಉಳಿಯದಂಗ ಒಣಗಿಸ್ರಿ. ವರ್ತುಲ ತೇಲೋದು ಒಳಗಿನ ಗಾಳಿಯಿಂದ. ತುದಿ ಎರಡೂ ಮತ್ತ ಬಿಸಿ ನೀರಿಗಿ ಮುಟ್ಟಿಸಿ, ಒರಸಿ, ಮೆತ್ತಗಿದ್ದಾಗಲೇ ಪ್ಲಾಸ್ಟಿಕ್ ಜಾಯಿಂಟ್ ಮ್ಯಾಲ ನೂಕ್ರಿ. ಜಾರಲಿ ಅಂತ ಸಾಬಾಣ, ಎಣ್ಣಿ ಹಚ್ಚಿದ್ರೋ ಕೆಟ್ಟಿರಿ: ಸಾಬಾಣ ಮೀನಿನ ಕಿವಿರಿಗಿ ವಿಷ. ಮಾಡಿದ ವರ್ತುಲ ಒಂದು ರಾತ್ರಿ ಬಕೀಟಿನ ನೀರಾಗ ಬಿಡ್ರಿ. ಮುಂಜಾನಿ ಒಂದು ಮಗ್ಗಲಿಗಿ ವಾಲಿತ್ತಂದ್ರ ಅಲ್ಲಿ ನೀರು ಹೊಕ್ಕದ, ಬಿಚ್ಚಿ ಮತ್ತ ಮಾಡ್ರಿ.

ಇಷ್ಟು ಮಾಡಿದವ್ರೂ ಕಡೀಕ ಒಂದು ತಪ್ಪು ಮಾಡ್ತಾರ. ವರ್ತುಲ ಓಡಾಡಬಾರ್ದು ಅಂತ ರಬ್ಬರ್ ಬಟ್ಟಲು ಒತ್ತಿ ಗಾಜಿಗಿ ಗಟ್ಟಿ ಅಂಟಿಸಿಬಿಡ್ತಾರ. ನಮ್ಮ ಬ್ಯಾಸಿಗ್ಯಾಗ ಟಾಕಿ ನೀರು ನಾಕು ದಿನದಾಗ ಎರಡು ಬೆರಳು ಇಳೀತದ. ಗಾಜಿಗಿ ಅಂಟಿದ ವರ್ತುಲ ಮ್ಯಾಲೇ ನೇತಾಡ್ತದ, ಗಿಡ ಎಲ್ಲಾ ಅಡಿಗಿಂದ ಜಾರಿ ಹೊಂಟು ಹೋಗ್ತಾವ. ಹಂಗಲ್ಲ. ಒಂದು ಗೇಣು ಉದ್ದದ ಗಟ್ಟಿ ಗಾಳಿ ನಳಿಗಿ ತಗೊಂಡು ಟಾಕಿ ಮೂಲ್ಯಾಗ, ಅರ್ಧ ನೀರಿನ ಮ್ಯಾಲ, ಅರ್ಧ ನೀರಿನ ಕೆಳಗ ಬರೋ ಹಂಗ, ಎರಡು ರಬ್ಬರ್ ಬಟ್ಟಲಿಂದ ನೆಟ್ಟಗ ನಿಂದರಸ್ರಿ. ಮೀನು ಹಿಡಿಯೋ ತಂಗೂಸಿನ ದಾರದ ಒಂದು ಕುಣಿಕಿ ಮಾಡಿ ನಳಿಗಿ ಮತ್ತು ವರ್ತುಲ ಎರಡನ್ನೂ ಸಡ್ಲಾಗಿ ಸುತ್ತರಿ. ಕುಣಿಕ್ಯಾಗ ಒಂದು ಪೆನ್ಸಿಲ್ ಆರಾಮ ತೂರಬೇಕು, ಅಷ್ಟು ಸಡ್ಲ. ನೀರು ಇಳದ್ರ ವರ್ತುಲನೂ ಇಳೀತದ, ನೀರು ಹಾಕಿದ್ರ ಏರ್ತದ. ಕುಣಿಕಿ ಬಿಗಿಯಾದ್ರ ಒಂದು ಕಡಿ ಸಿಕ್ಕಿ ಓರಿ ನಿಂದರ್ತದ, ಕಟ್ಟಿದ್ದೂ ದಂಡ.

ರಬ್ಬರ್ ಬಟ್ಟಲು ಹಿಡೀವಲ್ದು ಅಂದ್ರ ಗಾಜಿನ ಮ್ಯಾಲ ಬಿಳಿ ಸುಣ್ಣದ ಪದರ ಕೂತಿರ್ತದ. ಅರ್ಧ ನಿಂಬಿಹಣ್ಣಿಲೆ ತಿಕ್ಕಿ, ತೊಯ್ದ ಅರಬಿಲೆ ಎರಡು ಸಲ ಒರಸ್ರಿ. ಅದೇ ಸುಣ್ಣ ನಿಮ್ಮ ಕೂಲರಿನ ಹುಲ್ಲಿನ ಮ್ಯಾಲೂ ಕೂಡ್ತದ. ಹುಲ್ಲು ಗಟ್ಟಿಯಾಗಿ ಕಲ್ಲಾದ್ರೂ ಬದಲಸಂಗಿಲ್ಲ, "ಕೂಲರ್ ತಂಪೇ ಆಗವಲ್ದು" ಅಂತ ಮೆಕ್ಯಾನಿಕ್ಕಿಗಿ ರೊಕ್ಕ ಕೊಡ್ತೀರಿ. ಆ ಕೂಲರ್ ನೀರನ್ನ ವಾರಕ್ಕೊಮ್ಮೆ ಚೆಲ್ಲಿ ಒಳಗಿನ ಗ್ವಾಡಿನೂ ತಿಕ್ಕಿ ತೊಳೀರಿ, ಬರೇ ಚೆಲ್ಲಿದ್ರ ಸಾಲಂಗಿಲ್ಲ. ಡೆಂಗಿ ಸೊಳ್ಳಿ ತತ್ತಿ ಗ್ವಾಡಿಗಿ ಅಂಟಿರ್ತಾವ, ಒಣಗಿದ್ರೂ ತಿಂಗಳಾನುಗಟ್ಟಲೆ ಸಾಯಂಗಿಲ್ಲ. ಹೋಗ್ಲಿ, ಟಾಕಿಗಿ ಬರೂಣು.

ಮ್ಯಾಲಿನ ಮುಚ್ಚಳ ಗಾಜಿಂದಿದ್ರ ತಗದು, ಕಿಡಕಿಗಿ ಹಾಕೋ ಸೊಳ್ಳಿ ಜಾಳಿಗಿ ಚೌಕಟ್ಟಿಗಿ ಬಿಗದು ಇಡ್ರಿ. ಮೀನು ಹಾರಂಗಿಲ್ಲ, ಹಲ್ಲಿ ಬೀಳಂಗಿಲ್ಲ, ಉಗಿ ಹೊರಗ ಹೋಗ್ತದ. ಗಾಜೇ ಬೇಕು ಅನ್ನೋ ಹಟ ಇದ್ರ ಮುಂದಿನ ಅಂಚಿಗಿ ಎರಡು ಬೆರಳು ಎತ್ತರ ಕೊಡ್ರಿ. ಹನಿ ಜಾರಿ ಹಿಂದಿನ ಗ್ವಾಡಿ ಹಿಡ್ದು ಇಳೀಲಿ, ಗಿಡದ ನೆತ್ತಿ ಮ್ಯಾಲ ಬ್ಯಾಡ. ಫಿಲ್ಟರ್ ನೀರಿನ ಬಾಯಿ ಹಿಂದಿನ ಗಾಜಿಗಿ ತಿರುವ್ರಿ. ಎತ್ತರದಿಂದ ಬೀಳೋ ತರದ್ದಿದ್ರ ನೀರಿನ ಮಟ್ಟ ಏರಸ್ರಿ, ಬೀಳೋ ಜೋರು ತಗ್ತದ. ನೀರು ಎಳಿಯೋ ಬಾಯಿಗಿ ಸ್ಪಂಜ್ ಹಾಕ್ರಿ, ಇಲ್ಲಾಂದ್ರ ಬೇರು ಹೊಕ್ಕು ಮೋಟರ್ ಜಾಮ್ ಆಗ್ತದ.

ಲೈಟ್ ನೀರಿಗಿಂತ ಒಂದು ಗೇಣು ಮ್ಯಾಲ ಇರ್ಲಿ, ದಿನಕ್ಕ 8 ತಾಸು ಸಾಕು. ಅಂಟಿ ಇಟ್ರ ಎಲಿ ಅಂಚು ಸುಡ್ತದ. ಇಡೀ ದಿನ ಹಚ್ಚಿದ್ರ ಬೇರಿಗಿ ಪಾಚಿ ಹಿಡ್ದು ಹಸರ ನೂಲಿನ ಉಂಡಿ ಆಗ್ತದ.

ನೀರಿನ ವಿಷಯದಾಗ ಜಾಣರೂ ತಪ್ತಾರ. ನಳದ ನೀರಿನ ಕ್ಲೋರಿನ್ ಹೋಗ್ಲಿಕ್ಕ ಬಾಯಿ ತೆರದ ಬಕೀಟಿನ್ಯಾಗ ಒಂದು ಹಗಲು ಒಂದು ರಾತ್ರಿ ಇಡ್ರಿ. ಬೋರಿನ ನೀರಿಗಿ ಕ್ಲೋರಿನ್ ಇಲ್ಲ, ಆದ್ರ ಗಡಸು. ಈ ಸೀಮ್ಯಾಗ ಶಹಾಬಾದ, ಸೇಡಂ ಕಡಿ ನೆಲದ ಅಡಿಗೇ ಸುಣ್ಣದ ಕಲ್ಲು, ನೀರು ಮೆತ್ತಗಿರ್ತದ ಅಂದ್ರ ಹ್ಯಾಂಗ? ಟಾಕಿ ನೀರು ಆವಿಯಾದಾಗ ನೀರಷ್ಟೇ ಹಾರ್ತದ, ಉಪ್ಪು ಸುಣ್ಣ ಒಳಗೇ ಉಳೀತದ. ದಿನಾ ಒಂದು ಚರಗಿ ಬೋರಿನ ನೀರು ಹಾಕಿ ಹಾಕಿ ಮಟ್ಟ ತುಂಬಸಿದ್ರ ಬ್ಯಾಸಿಗಿ ಮುಗಿಯೋದ್ರಾಗ ಒಳಗಿಂದು ಮೊದಲಿಗಿಂತ ಭಾಳ ಗಡಸಾಗಿರ್ತದ. ಅದಕ್ಕ ಇಳದಷ್ಟು ತುಂಬಸ್ಲಿಕ್ಕ ಉಪ್ಪು ತೆಗಿಯೋ ಆರ್‌ಓ ಮಷೀನಿನ ಕುಡಿಯೋ ನೀರು, ವಾರಕ್ಕೊಮ್ಮೆ ಕಾಲು ಭಾಗ ಬದಲಸ್ಲಿಕ್ಕ ಮಾಮೂಲಿ ನೀರು. ಆರ್‌ಓ ಮಷೀನಿನ ಹೊರಗ ಚೆಲ್ಲೋ ನೀರು ಮಾತ್ರ ಬ್ಯಾಡ್ರಿ, ಉಪ್ಪೆಲ್ಲಾ ಅದರಾಗೇ ಇರ್ತದ.

ಮೀನಿದ್ದ ಟಾಕ್ಯಾಗ ಗೊಬ್ಬರಕ್ಕ ಅವಸರ ಬ್ಯಾಡ, ಅವುಗಳ ಹೊಲಸೇ ಊಟ. ಹಳಿ ಎಲಿ ಪೂರಾ ಹಳದಿಯಾದ್ರ ಸಾರಜನಕ ಕಡಿಮಿ. ಹಳಿ ಎಲ್ಯಾಗ ಸೂಜಿ ಚುಚ್ಚಿದಂಥಾ ತೂತು ಬಿದ್ರ ಪೊಟ್ಯಾಶ್ ಕಡಿಮಿ. ಹೊಸಾ ಎಲಿ ಬೆಳ್ಳಗ, ನರ ಮಾತ್ರ ಹಸರ ಕಂಡ್ರ ಕಬ್ಬಿಣ ಕಡಿಮಿ, ಗಡಸು ನೀರಾಗ ಇದೇ ಹೆಚ್ಚು. ಅಕ್ವೇರಿಯಂ ಅಂಗಡ್ಯಾಗಿನ ದ್ರವ ಗೊಬ್ಬರ ಬಾಟ್ಲಿ ಮ್ಯಾಲ ಬರದದ್ದರ ಅರ್ಧ ಹಾಕ್ರಿ. ಹೊಲದಾಗ ಉಳದ ಯೂರಿಯಾ, ಡಿಎಪಿ ಚಿಟಿಕಿ ಹಾಕೋ ಶ್ಯಾಣ್ಯಾರೂ ಅದಾರ. ಅದರಿಂದ ನೀರಾಗ ಅಮೋನಿಯಾ ಏರಿ ಮೀನು ಹೊಟ್ಟಿ ಮ್ಯಾಲ ಮಾಡಿ ತೇಲ್ತಾವ.

ವಾರಕ್ಕೊಮ್ಮೆ ಮೂರರಾಗ ಒಂದು ಪಾಲು ಗಿಡ ತೆಗೀರಿ. ತೆಗಿಯೋದು ದೊಡ್ಡ ಹಳಿ ಗಿಡ, ಮರಿ ಅಲ್ಲ. ತಾಯಿ ಮರಿ ನಡುವಿನ ಬಳ್ಳಿ ಜಗ್ಗಿ ಹರೀಬ್ಯಾಡ್ರಿ, ಚೂಟ್ರಿ. ಅಂತರಗಂಗಿ ಬೇರು ಟಾಕಿ ತಳಾ ಮುಟ್ಟಿದ್ರ ನಾಕು ಬೆರಳು ಬಿಟ್ಟು ಉಳದದ್ದು ಕತ್ತರಿಸಬಹುದು. ಗಪ್ಪಿ ಮರಿ ಹಾಕೋ ಹೊತ್ತಿನ್ಯಾಗ ಮಾತ್ರ ಬ್ಯಾಡ, ಮರಿ ಅಡಗೋದು ಆ ಬೇರಿನ್ಯಾಗೇ. ಗಿಡ ಟಾಕಿ ತುಂಬಾ ಮುಚ್ಚಿದ್ರ ಕೆಳಗಿನ ಗಿಡಕ್ಕ ಬೆಳಕಿಲ್ಲ, ನೀರಿಗಿ ಗಾಳಿ ಇಲ್ಲ. ಬಿಸಿ ನೀರಾಗ ಆಮ್ಲಜನಕ ಮೊದಲೇ ಕಡಿಮಿ, ರಾತ್ರಿ ಗಿಡನೂ ಅದನ್ನೇ ಉಸಿರಾಡ್ತಾವ. ಏಪ್ರಿಲ್, ಮೇದಾಗ ರಾತ್ರಿ ಕರೆಂಟ್ ಹೋಗಿ ಪಂಪ್ ನಿಂತ್ರ ಮುಂಜಾನಿ ಮೀನು ಬಾಯಿ ಮ್ಯಾಲ ಮಾಡಿ ಗುಟುಕು ಗುಟುಕು ಉಸಿರು ಎಳೀತಿರ್ತಾವ. ಆಗ ಗಿಡ ಅರ್ಧ ತಗದು, ಚರಗಿಲೆ ಟಾಕಿ ನೀರೇ ಎತ್ತಿ ಎತ್ತರದಿಂದ ಹುಯ್ರಿ.

ತಗದ ಗಿಡ ನಮ್ಮ ಕಲಬುರಗಿ ಅಪ್ಪನ ಕೆರಿಗೋ, ಭೀಮಾ ನದಿಗೋ, ಊರ ಬಾವಿಗೋ ಬಿಡೋ ಪುಣ್ಯದ ಕೆಲಸಾ ಮಾಡಬ್ಯಾಡ್ರಿ. ಒಂದು ತುಂಡಿದ್ರ ಸಾಕು, ಹಬ್ಬಿ ನೀರು ಮುಚ್ತದ. ಗಟಾರಕ್ಕೂ ಬ್ಯಾಡ, ಅದೂ ಕಡೀಕ ಹಳ್ಳಕ್ಕೇ ಹೋಗ್ತದ. ಮಾಳಿಗಿ ಮ್ಯಾಲ ಹಳಿ ಚಾಪಿ ಹಾಸಿ ಎರಡು ದಿನ ಬಿಸಲಿಗಿ ಒಣಗಿಸ್ರಿ, ಕೈಯಾಗ ತಿಕ್ಕಿದ್ರ ಪುಡಿ ಆಗ್ತದ. ಆ ಪುಡಿ ಒಂದು ಹಿಡಿ, ಟಾಕಿಯಿಂದ ತಗದ ಹಳಿ ನೀರು ಒಂದು ಚರಗಿ, ತುಳಸಿ ಬುಡಕ್ಕ ಹಾಕ್ರಿ. ಹಸೀದೇ ಹಾಕಿದ್ರ ಕೊಳತು ಗುಂಗಾಡಿ ಏಳ್ತಾವ.