ಖಾಲಿ ಕೇಸು ಕೂಡ ಮದ್ದುಗುಂಡೇ: ಟೆಕ್ಸಸ್‌ನಲ್ಲಿ ಪಿಸ್ತೂಲು ಬೇಟೆ, ರೀಲೋಡಿಂಗ್ ಮತ್ತು ನಮ್ಮ ವೀಸಾ

ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಟೆಕ್ಸಸ್‌ಗೆ ಬಂದ ಮೊದಲ ವರ್ಷದ ಮಾತು. ಬೇಟೆಯ ಹುಚ್ಚಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಒಂದು ಡಬ್ಬಿ ತುಂಬ ಹಾರಿಸಿದ ಹಿತ್ತಾಳೆ ಕೇಸುಗಳನ್ನು, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ತೋಟಾದ ಖಾಲಿ ಕವಚಗಳನ್ನು, ಕೊಟ್ಟರು. ತೊಳೆದಿಟ್ಟುಕೊಂಡಿರು, ಮುಂದೆ ರೀಲೋಡಿಂಗ್, ಅಂದರೆ ಖಾಲಿ ಕೇಸಿಗೆ ಮತ್ತೆ ಮದ್ದು ತುಂಬಿ ತೋಟಾ ಮಾಡುವುದನ್ನು, ಕಲಿಸುತ್ತೇನೆ ಅಂದರು. ನಾನು ಖುಷಿಯಿಂದ ತಂದು ಗ್ಯಾರೇಜಿನ ಶೆಲ್ಫಿನಲ್ಲಿಟ್ಟೆ. ಎರಡು ತಿಂಗಳಾದ ಮೇಲೆ ಕಾನೂನು ಓದಿದಾಗ ಕೈಕಾಲು ತಣ್ಣಗಾಯಿತು.

ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ನಾನ್‌ಇಮಿಗ್ರಂಟ್ ವೀಸಾದಲ್ಲಿ, ಅಂದರೆ ತಾತ್ಕಾಲಿಕ ವೀಸಾದಲ್ಲಿ, ಒಳಗೆ ಬಂದವರು ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಎಚ್-1ಬಿ, ಎಚ್-4 (ಎಚ್-1ಬಿಯವರ ಕುಟುಂಬದ್ದು), ಎಫ್-1 (ವಿದ್ಯಾರ್ಥಿಗಳದ್ದು), ಎಲ್-1 (ಕಂಪನಿಯೊಳಗಿನ ವರ್ಗಾವಣೆಯದ್ದು) ಎಲ್ಲವೂ ಇದರಲ್ಲಿ ಬರುತ್ತವೆ. ಮದ್ದುಗುಂಡು ಅಂದರೆ ತುಂಬಿದ ತೋಟಾ ಮಾತ್ರ ಅಂದುಕೊಂಡಿದ್ದೆ. ಅಲ್ಲ. ಕೇಸು, ಪ್ರೈಮರ್ (ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ), ಬುಲೆಟ್ (ಹಾರಿ ಹೋಗುವ ಗುಂಡು), ಪೌಡರ್ (ಮದ್ದಿನ ಪುಡಿ), ಈ ನಾಲ್ಕರಲ್ಲಿ ಯಾವ ಒಂದು ಇದ್ದರೂ ಅದು ಮದ್ದುಗುಂಡೇ ಅಂತ ಕಾನೂನು ಹೇಳುತ್ತದೆ. ಒಮ್ಮೆ ಹಾರಿಸಿದ ಕೇಸಿಗೆ ವಿನಾಯಿತಿ ಇದೆ ಅಂತ ಎಲ್ಲೂ ಬರೆದಿಲ್ಲ. 2022ರಿಂದ ಈ ತಪ್ಪಿಗೆ ಗರಿಷ್ಠ ಶಿಕ್ಷೆ 15 ವರ್ಷ ಜೈಲು. ಜೈಲಿಗಿಂತ ಮುಂಚೆಯೇ ನಮ್ಮಂಥವರನ್ನು ಕಾಡುವುದು ಗಡೀಪಾರಿನ ಭಯ. ಬಂದೂಕಿನ ಅಪರಾಧ ಸಾಬೀತಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ದೇಶದಿಂದ ಕಳಿಸಬಹುದು.

ಹಾಗಾದರೆ ಗ್ರೀನ್ ಕಾರ್ಡ್ ಬರುವ ತನಕ ಈ ಹವ್ಯಾಸದ ಆಸೆ ಬಿಡಬೇಕಾ? ಬೇಕಾಗಿಲ್ಲ. ಅದೇ ಕಾನೂನಿನಲ್ಲಿ ಒಂದು ಬಾಗಿಲು ತೆರೆದಿದೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ನಿಮ್ಮ ಹತ್ತಿರ ಇದ್ದರೆ ಈ ನಿಷೇಧ ನಿಮಗೆ ಅನ್ವಯಿಸುವುದಿಲ್ಲ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಲೈಸೆನ್ಸ್, ಆಮೇಲೆ ಬಂದೂಕು, ಕೊನೆಗೆ ರೀಲೋಡಿಂಗ್ ಸಾಮಾನು. ಶೂಟಿಂಗ್ ರೇಂಜಿನಲ್ಲಿ ಬಾಡಿಗೆ ಪಿಸ್ತೂಲು ಹಿಡಿಯುವುದಕ್ಕೂ ಇದೇ ನಿಯಮ. ಗಂಡನ ಲೈಸೆನ್ಸ್ ಹೆಂಡತಿಗೆ ಸಾಲುವುದಿಲ್ಲ. ಇಬ್ಬರೂ ಬೇರೆ ಬೇರೆ ಮಾಡಿಸಬೇಕು. ಕೊಡಗಿನಲ್ಲಿ ಕೋವಿಗೆ ಲೈಸೆನ್ಸ್ ವಿನಾಯಿತಿ ಇರುವ ಮನೆತನದವರು ಕೆಲವರು ಇಲ್ಲಿದ್ದೀರಿ. ಆ ವಿನಾಯಿತಿ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಟೆಕ್ಸಸ್‌ನಲ್ಲಿ ಲೈಸೆನ್ಸ್ ಪಡೆಯುವುದು ಕಷ್ಟವಲ್ಲ. 1971ರ ಸೆಪ್ಟೆಂಬರ್ 2ರಂದು ಅಥವಾ ನಂತರ ಹುಟ್ಟಿದವರು ಹಂಟರ್ ಎಜುಕೇಶನ್ ಕೋರ್ಸ್ ಮಾಡಬೇಕು. 17 ದಾಟಿದವರು ಪೂರ್ತಿ ಆನ್‌ಲೈನಿನಲ್ಲೇ ಮುಗಿಸಬಹುದು. ಆದರೂ ನನ್ನ ಮಾತು ಕೇಳಿ, ಮೊದಲ ಸಲ ಬಂದೂಕು ಹಿಡಿಯುವವರು ಮೈದಾನದ ತರಗತಿಗೇ ಹೋಗಿ. ಬೇಲಿ ದಾಟುವಾಗ ಬಂದೂಕನ್ನು ಏನು ಮಾಡಬೇಕು ಅನ್ನುವುದು ಪರದೆ ನೋಡಿ ಮೈಗೆ ಹತ್ತುವುದಿಲ್ಲ. ಟೆಕ್ಸಸ್‌ನಲ್ಲಿ ಆರು ತಿಂಗಳಿಗಿಂತ ಜಾಸ್ತಿ ವಾಸವಿದ್ದರೆ ರೆಸಿಡೆಂಟ್ ದರ ಸಿಗುತ್ತದೆ. ಆ ಲೈಸೆನ್ಸಿಗೆ 25 ಡಾಲರ್.

ಇಲ್ಲೊಂದು ಗುಂಡಿ ಇದೆ, ನಮ್ಮವರು ಸುಲಭವಾಗಿ ಬೀಳುವಂಥದ್ದು. 2019ರಿಂದ ಟೆಕ್ಸಸ್‌ನ ಖಾಸಗಿ ಜಮೀನಿನಲ್ಲಿ, ಮಾಲೀಕರ ಒಪ್ಪಿಗೆ ಇದ್ದರೆ, ಕಾಡುಹಂದಿ ಹೊಡೆಯಲು ಬೇಟೆ ಲೈಸೆನ್ಸ್ ಬೇಕಿಲ್ಲ. ಸ್ಥಳೀಯ ಗೆಳೆಯರು ಒಳ್ಳೆಯ ಮನಸ್ಸಿನಿಂದಲೇ "ಲೈಸೆನ್ಸ್ ಬೇಡ, ಸುಮ್ನೆ ಬಾ" ಅಂತಾರೆ. ಅವರ ಮಟ್ಟಿಗೆ ಅದು ಸರಿ. ವೀಸಾದಲ್ಲಿರುವ ನಿಮಗೆ ಆ ಕಾಗದ ಬೇಕಾಗಿರುವುದು ಹಂದಿಗಲ್ಲ, ಬಂದೂಕನ್ನು ಕೈಯಲ್ಲಿ ಹಿಡಿಯುವುದಕ್ಕೆ.

ಅಂಗಡಿಯಲ್ಲಿ ಪಿಸ್ತೂಲು ಕೊಳ್ಳುವಾಗ 4473 ಅನ್ನುವ ಫಾರಂ ತುಂಬಬೇಕು. ಅದರಲ್ಲಿ ಐ-94, ಅಂದರೆ ದೇಶದೊಳಗೆ ಬಂದ ದಾಖಲೆಯ, ನಂಬರ್ ಕೇಳುತ್ತಾರೆ, ಬೇಟೆ ಲೈಸೆನ್ಸಿನ ಪ್ರತಿಯನ್ನೂ ಕೊಡಬೇಕು. ಪಿಸ್ತೂಲಿಗೆ ವಯಸ್ಸು 21 ಆಗಿರಬೇಕು. ಈ ನಿಯಮ ಗೊತ್ತಿಲ್ಲದ ಅಂಗಡಿಯವರೂ ಇದ್ದಾರೆ. ಅವರು ಕೇಳಲಿಲ್ಲ ಅಂತ ನೀವು ಬಿಡಬೇಡಿ, ಫಾರಂನ ಪ್ರಶ್ನೆಗೆ ಸರಿಯಾದ ಉತ್ತರ ಬರೆಯುವ ಹೊಣೆ ನಿಮ್ಮದೇ.

ಈಗ ನನ್ನ ಪ್ರೀತಿಯ ವಿಷಯಕ್ಕೆ ಬರುತ್ತೇನೆ. ರೈಫಲ್ ತೋಟಾ ಹಾರಿಸುವ ಸಿಂಗಲ್ ಶಾಟ್ ಪಿಸ್ತೂಲಿನ ಬೇಟೆ ಇಲ್ಲಿ ಹಳೆಯ ಪರಂಪರೆ. 1963ರಲ್ಲಿ ರೆಮಿಂಗ್ಟನ್ ಎಕ್ಸ್‌ಪಿ-100 ಬಂತು. 1967ರಲ್ಲಿ ಥಾಂಪ್ಸನ್ ಸೆಂಟರ್ ಕಂಪನಿಯ ಕಂಟೆಂಡರ್ ಬಂತು. ಕಂಟೆಂಡರ್ ಮಧ್ಯದಲ್ಲಿ ಮುರಿದು ತೆರೆಯುವ ಬಂದೂಕು, ನಮ್ಮ ಕಡೆಯ ತೋಟಾ ಕೋವಿಯ ಹಾಗೆ. ಒಂದೇ ಫ್ರೇಮಿಗೆ ಬೇರೆ ಬೇರೆ ಬ್ಯಾರೆಲ್ ಹಾಕಬಹುದು. ಕೈಯಲ್ಲಿರುವುದು ಒಂದೇ ಗುಂಡು, ಹಾಗಾಗಿ ಹತ್ತಿರ ಹೋಗಬೇಕು, ಕಾಯಬೇಕು, ಎಷ್ಟೋ ಸಲ ಹೊಡೆಯದೆ ವಾಪಸ್ ಬರಬೇಕು. ನನಗೆ ಇದರಲ್ಲಿ ಇಷ್ಟವಾಗುವುದೇ ಅದು.

ಇಂಥ ಪಿಸ್ತೂಲಿಗೆ ಜನ ತೋಟಾ ತಾವೇ ತುಂಬಿಕೊಳ್ಳುವುದು ಬರೀ ದುಡ್ಡು ಉಳಿಸಲು ಅಲ್ಲ. ಅಂಗಡಿಯ ರೈಫಲ್ ತೋಟಾದ ಪೌಡರ್ 22-24 ಇಂಚಿನ ಬ್ಯಾರೆಲ್ ಇರುವ ರೈಫಲ್ಲಿಗೆ ಲೆಕ್ಕ ಹಾಕಿದ್ದು. ಪಿಸ್ತೂಲಿನ ಬ್ಯಾರೆಲ್ 10ರಿಂದ 15 ಇಂಚು. ಪೌಡರ್ ಪೂರ್ತಿ ಉರಿಯುವ ಮೊದಲೇ ಬುಲೆಟ್ ಆಚೆ ಹೋಗಿರುತ್ತದೆ. ಉಳಿದದ್ದು ಬ್ಯಾರೆಲ್ಲಿನ ಬಾಯಲ್ಲಿ ಬೆಂಕಿಯಾಗಿ, ಕಿವಿ ಒಡೆಯುವ ಸದ್ದಾಗಿ ಹಾಳಾಗುತ್ತದೆ. ಬುಲೆಟ್ಟಿನ ವೇಗವೂ ಇಳಿಯುತ್ತದೆ. ರೈಫಲ್ ವೇಗದಲ್ಲಿ ಅರಳುವಂತೆ ಮಾಡಿದ ಬುಲೆಟ್ ಕಡಿಮೆ ವೇಗದಲ್ಲಿ ಅರಳದೆ ನೇರ ತೂರಿಕೊಂಡು ಹೋಗಬಹುದು. ಆಗ ಜಿಂಕೆ ಗಾಯದಲ್ಲೇ ನರಳುತ್ತಾ ದೂರ ಓಡುತ್ತದೆ. ತಾನೇ ತುಂಬಿಕೊಳ್ಳುವವನು ಸ್ವಲ್ಪ ಬೇಗ ಉರಿಯುವ ಪೌಡರ್ ಮತ್ತು ಕಡಿಮೆ ವೇಗದಲ್ಲೂ ಅರಳುವ ಬುಲೆಟ್ ಆರಿಸಿಕೊಳ್ಳಬಹುದು. ಬೇಟೆಗೆ ಹೋಗುವವನಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಇನ್ನೂ ಒಂದು ಅನುಕೂಲ ಇದೆ. ಥರ್ಟಿ-ಥರ್ಟಿ (.30-30) ಅನ್ನುವ ರೈಫಲ್ ತೋಟಾಗಳು, ಕೆಳಗಿನ ಹಿಡಿಕೆ ಆಡಿಸಿ ತುಂಬುವ ಲೀವರ್ ರೈಫಲ್ಲಿನ ಕೊಳವೆಯಲ್ಲಿ ಒಂದರ ಹಿಂದೊಂದು ಕೂರುತ್ತವೆ. ಚೂಪು ಮೂತಿ ಮುಂದಿನ ತೋಟಾದ ಪ್ರೈಮರ್ ಒತ್ತಿದರೆ ಅನಾಹುತ, ಅದಕ್ಕೇ ಅಲ್ಲಿ ಚಪ್ಪಟೆ ಮೂತಿಯ ಬುಲೆಟ್ ಹಾಕುತ್ತಾರೆ. ಸಿಂಗಲ್ ಶಾಟ್‌ಗೆ ಆ ಚಿಂತೆ ಇಲ್ಲ, ಚೂಪು ಮೂತಿಯ ಬುಲೆಟ್ಟೂ ಹಾಕಿಕೊಳ್ಳಬಹುದು.

ಸ್ವಂತ ಬಳಕೆಗೆ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಕಿಲ್ಲ. ತುಂಬಿ ಮಾರುವ ವ್ಯಾಪಾರಕ್ಕೆ ಬೇಕು. ಅಳತೆಯನ್ನು ನಾನು ಇಲ್ಲಿ ಬರೆಯುವುದಿಲ್ಲ. ಪೌಡರ್ ಮತ್ತು ಬುಲೆಟ್ ಕಂಪನಿಗಳು ಅಚ್ಚು ಹಾಕಿಸುವ ಕೈಪಿಡಿಗಳಿವೆ, ಕೆಲವದರಲ್ಲಿ ಸಿಂಗಲ್ ಶಾಟ್ ಪಿಸ್ತೂಲಿಗೇ ಬೇರೆ ಭಾಗ ಇರುತ್ತದೆ. ಅದರಲ್ಲಿ ಕೊಟ್ಟ ಕನಿಷ್ಠ ಅಳತೆಯಿಂದಲೇ ಶುರು ಮಾಡಿ. ಕಂಟೆಂಡರಿಗೆ ಎಲ್ಲ ರೈಫಲ್ ತೋಟಾದ ಒತ್ತಡ ತಡೆಯುವ ಶಕ್ತಿ ಇಲ್ಲ. ಅದರ ಅಣ್ಣನಂತಿರುವ, ಅದೇ ಕಂಪನಿಯ ಎನ್ಕೋರ್ ಹೆಚ್ಚು ಗಟ್ಟಿ. ತಕ್ಕಡಿಯಲ್ಲಿ ಕಾಣುವ ಅಂಕಿ ಗ್ರಾಂ ಅಲ್ಲ, ಗ್ರೇನ್. ಒಂದು ಗ್ರಾಂಗೆ ಸುಮಾರು 15.4 ಗ್ರೇನ್. ಗ್ರಾಂ ಲೆಕ್ಕದಲ್ಲಿ ಬೆಳೆದ ನಾವು ಎಲೆಕ್ಟ್ರಾನಿಕ್ ತಕ್ಕಡಿಯ ಗುಂಡಿ ಯಾವುದರಲ್ಲಿದೆ ಅಂತ ಪ್ರತಿ ಸಲ ನೋಡಬೇಕು. ಬೇರೆಯವರು ತುಂಬಿದ ತೋಟಾವನ್ನು, ಎಷ್ಟೇ ನಂಬಿಕಸ್ಥರಾಗಿರಲಿ, ನಾನು ಹಾರಿಸುವುದಿಲ್ಲ.

ಪೌಡರ್ ಅದರ ಮೂಲ ಡಬ್ಬಿಯಲ್ಲೇ ಇರಲಿ. ಬಹಳ ಕಡೆ ಅನುಸರಿಸುವ ಅಗ್ನಿ ಸುರಕ್ಷತೆಯ ನಿಯಮದಲ್ಲಿ ಮನೆಗೆ ಮಿತಿ ಇದೆ: ಪೌಡರ್ 20 ಪೌಂಡ್, ಪ್ರೈಮರ್ 10,000. ಹವ್ಯಾಸಿಗೆ ಅಷ್ಟು ಬೇಕೂ ಆಗುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿದ್ದರೆ ಬಾಡಿಗೆ ಕರಾರು ಓದಿ.

ಬ್ಯಾರೆಲ್ ಬದಲಿಸುವ ಸುಖದಲ್ಲೂ ಎಚ್ಚರ ಬೇಕು. ಭುಜಕ್ಕೆ ಒರಗಿಸುವ ಹಿಡಿ ಜೋಡಿಸಿದ್ದಾಗ ಬ್ಯಾರೆಲ್ 16 ಇಂಚಿಗಿಂತ ಗಿಡ್ಡ ಇದ್ದರೆ ಅದು 1934ರ ಫೆಡರಲ್ ಬಂದೂಕು ಕಾಯ್ದೆಯ ಕೆಳಗೆ ನೋಂದಾಯಿಸಬೇಕಾದ ಗಿಡ್ಡ ರೈಫಲ್. ನೋಂದಾಯಿಸದಿದ್ದರೆ 10 ವರ್ಷದವರೆಗೆ ಜೈಲು. ಕಂಟೆಂಡರ್ ಪಿಸ್ತೂಲನ್ನು ರೈಫಲ್ ಮಾಡಿಕೊಳ್ಳುವ ಕಿಟ್ ಮೇಲೆಯೇ ಸುಪ್ರೀಂ ಕೋರ್ಟಿನವರೆಗೆ ಜಗಳ ಹೋಗಿ 1992ರಲ್ಲಿ ಕಂಪನಿ ಗೆದ್ದಿತು. ಆದರೆ ಗೆದ್ದದ್ದು ಬಿಡಿಬಿಡಿ ಭಾಗಗಳ ಕಿಟ್ಟಿಗೆ. ಗಿಡ್ಡ ಬ್ಯಾರೆಲ್ಲಿಗೆ ಭುಜದ ಹಿಡಿ ಜೋಡಿಸಿದರೆ ಈಗಲೂ ಅಪರಾಧವೇ. ಆದ್ದರಿಂದ ಮೊದಲು ಉದ್ದ ಬ್ಯಾರೆಲ್ ಹಾಕಿ, ಆಮೇಲೆ ಭುಜದ ಹಿಡಿ ಜೋಡಿಸಿ. ಬಿಚ್ಚುವಾಗ ಮೊದಲು ಭುಜದ ಹಿಡಿ ತೆಗೆಯಿರಿ.

ಕೆಲಸ ಬದಲಾಗಿ ಬೇರೆ ರಾಜ್ಯಕ್ಕೆ ಹೋದರೆ ಎಲ್ಲವನ್ನೂ ಹೊಸದಾಗಿ ಓದಿ. ಟೆಕ್ಸಸ್‌ನಲ್ಲಿ ಜಿಂಕೆಗೆ ಥರ್ಟಿ-ಥರ್ಟಿ ಪಿಸ್ತೂಲು ನಡೆಯುತ್ತದೆ. ಓಹಾಯೋದಲ್ಲಿ ನೇರ ಗೋಡೆಯ ಕೇಸೇ ಆಗಬೇಕು, ಕತ್ತಿನ ಹತ್ತಿರ ಕಿರಿದಾಗುವ ಥರ್ಟಿ-ಥರ್ಟಿ ನಡೆಯುವುದಿಲ್ಲ. ಇಲಿನಾಯ್‌ನಲ್ಲಿ ಬಂದೂಕು, ಮದ್ದುಗುಂಡು ಇಟ್ಟುಕೊಳ್ಳಲು ರಾಜ್ಯದ ಬೇರೆ ಕಾರ್ಡ್ ಬೇಕು.

ವಿಮಾನದಲ್ಲಿ ಪೌಡರ್ ಮತ್ತು ಪ್ರೈಮರ್ ಯಾವ ಬ್ಯಾಗಿನಲ್ಲೂ ಒಯ್ಯುವಂತಿಲ್ಲ. ಊರಿಗೆ ಹೊರಟಾಗ ರೇಂಜಿಗೆ ಒಯ್ದ ಬ್ಯಾಗನ್ನು ತೆಗೆದುಕೊಳ್ಳಲೇಬೇಡಿ. ಮೂಲೆಯ ಜೇಬಿನಲ್ಲಿ ಮರೆತ ಒಂದು ತೋಟಾ ಸಾಕು, ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಶಸ್ತ್ರಾಸ್ತ್ರ ಕಾಯ್ದೆಯ ಕೇಸು ಬೀಳಬಹುದು. ವೀಸಾದ ವಿಷಯದಲ್ಲಿ ಸಣ್ಣ ಅನುಮಾನ ಬಂದರೂ ಇಮಿಗ್ರೇಶನ್ ವಕೀಲರಿಗೆ ಫೀಸು ಕೊಟ್ಟು ಕೇಳಿ.

ಟೆಕ್ಸಸ್‌ನ ವಾರ್ಷಿಕ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಮೇ ತಿಂಗಳಲ್ಲಿ ಮಾಡಿಸಿದರೂ ಅಷ್ಟೇ. ಸೆಪ್ಟೆಂಬರ್ 1ರ ಬೆಳಗ್ಗೆ ಹೊಸದು ಇಲ್ಲದಿದ್ದರೆ ಗ್ಯಾರೇಜಿನ ಪ್ರೈಮರ್ ಡಬ್ಬಿಯೇ ಅಪರಾಧ. ಹೊಸ ಲೈಸೆನ್ಸ್ ಆಗಸ್ಟ್ ಮಧ್ಯದಲ್ಲೇ ಮಾರಾಟಕ್ಕೆ ಬರುತ್ತದೆ. ನಾನು ಆ ವಾರವೇ ಕೊಳ್ಳುತ್ತೇನೆ. ಒಂದು ಪ್ರತಿ ಪರ್ಸಿನಲ್ಲಿ, ಒಂದು ಪ್ರತಿ ರೀಲೋಡಿಂಗ್ ಪ್ರೆಸ್ಸಿನ ಪಕ್ಕದ ಗೋಡೆಗೆ.