ಕೀಮೋ ನಡೀವಾಗ "ಈ ಗಿಡಮೂಲಿಕೆ ರೆಸಿಸ್ಟೆನ್ಸ್ ಮುರಿಯತ್ತೆ" ಅಂತ ಮೆಸೇಜ್ ಬಂದ್ರೆ ಹೇಗೆ ಚೆಕ್ ಮಾಡೋದು

ಸ್ಕ್ಯಾನ್ ನೋಡಿ ಡಾಕ್ಟ್ರು "ಈ ಮೆಡಿಸಿನ್‌ಗೆ ರೆಸಿಸ್ಟೆನ್ಸ್ ಬಂದಿದೆ", ಅಂದ್ರೆ ಕ್ಯಾನ್ಸರ್ ಕೋಶ ಆ ಔಷಧಿಗೆ ಬಗ್ತಿಲ್ಲ, ಅಂದ್ರೆ ಸಾಕು, ಸಂಜೆಯೊಳಗೆ ವಾಟ್ಸಾಪಲ್ಲಿ ಅರಿಶಿನ, ಲಕ್ಷ್ಮಣಫಲ, ಗ್ರೀನ್ ಟೀ, ಅಮೃತಬಳ್ಳಿ ಎಲ್ಲಾ ಬಂದು ಬೀಳತ್ತೆ, ಕೆಲವಕ್ಕೆ ರಿಸರ್ಚ್ ಪೇಪರ್ ಲಿಂಕೂ ಇರತ್ತೆ. ಕಳಿಸೋರು ಪ್ರೀತಿಯಿಂದಾನೇ ಕಳಿಸ್ತಾರೆ, ಪೇಪರೂ ಎಷ್ಟೋ ಸಲ ಸುಳ್ಳಲ್ಲ. ಆದ್ರೆ ಅದನ್ನ ಹೇಗೆ ಓದ್ಬೇಕು ಅಂತ ಗೊತ್ತಿಲ್ದೆ ಮಾತ್ರೆ ಶುರು ಮಾಡಿದ್ರೆ ಪೇಷಂಟ್‌ಗೇ ಪೆಟ್ಟು.

ಮೊದ್ಲು ಡಾಕ್ಟ್ರನ್ನ ಕೇಳಿ, ಯಾವ ಥರದ ರೆಸಿಸ್ಟೆನ್ಸ್ ಅಂತ. ಯಾಕಂದ್ರೆ ದಾರಿ ಒಂದೇ ಅಲ್ಲ. ಕೆಲವು ಕ್ಯಾನ್ಸರ್ ಕೋಶಗಳು ಒಳಗೆ ಬಂದ ಔಷಧೀನ, ದೋಣಿಗೆ ನುಗ್ಗಿದ ನೀರನ್ನ ಮೊಗೆದು ಆಚೆ ಚೆಲ್ಲೋ ಹಾಗೆ, ಪಂಪ್ ಮಾಡಿ ಹೊರಗೆ ಹಾಕ್ತವೆ. ಈ ಕೆಲಸ ಮಾಡೋ ಪಿ-ಗ್ಲೈಕೋಪ್ರೋಟೀನ್ ಅನ್ನೋ ಪ್ರೋಟೀನನ್ನ 1976ರಲ್ಲಿ ಜೂಲಿಯಾನೋ ಮತ್ತು ಲಿಂಗ್ ಅನ್ನೋ ವಿಜ್ಞಾನಿಗಳು ಗುರುತಿಸಿದ್ರು. ನಮ್ಮ ಅಂಗಳದ ನಿತ್ಯಪುಷ್ಪದಿಂದ ಬರೋ ವಿನ್‌ಕ್ರಿಸ್ಟೀನು, ಯೂ ಅನ್ನೋ ಮರದ ಪ್ಯಾಕ್ಲಿಟ್ಯಾಕ್ಸೆಲ್ಲು, ಈ ಎರಡು ಕೀಮೋ ಔಷಧಿಗಳನ್ನೂ ಈ ಪಂಪ್ ಆಚೆ ತಳ್ಳತ್ತೆ. ಇನ್ನು ಕೆಲವು ಕಡೆ ಔಷಧಿ ಹೋಗಿ ಕೂರೋ ಜಾಗಾನೇ ಮ್ಯುಟೇಶನ್‌ನಿಂದ (ಜೀನ್‌ನಲ್ಲಿ ಆದ ಬದಲಾವಣೆಯಿಂದ) ಬೇರೆ ಥರ ಆಗಿರತ್ತೆ, ಅಥವಾ ಕೋಶ ತನ್ನ ಡಿಎನ್‌ಎ ರಿಪೇರಿ ಮಾಡ್ಕೊಳ್ಳೋದನ್ನ ಜೋರು ಮಾಡಿರತ್ತೆ, ಅಲ್ಲಿ ಪಂಪ್ ಮುಚ್ಚೋ ವಸ್ತು ಎಷ್ಟು ಕೊಟ್ರೂ ಉಪಯೋಗ ಇಲ್ಲ.

ಆಮೇಲೆ ಪೇಪರ್ ತೆಗೆದು ಒಂದೇ ಒಂದು ವಿಷಯ ಹುಡುಕಿ, ಇದನ್ನ ಯಾರ ಮೇಲೆ ಮಾಡಿದ್ದು? ಲ್ಯಾಬಿನ ಪ್ಲೇಟಲ್ಲಿ ಬೆಳೆಸಿದ ಕೋಶಾನಾ, ಇಲಿನಾ, ಮನುಷ್ಯರಾ? ಬಹಳಷ್ಟು ಪ್ಲೇಟಿನ ಕೋಶದ್ದೇ ಇರತ್ತೆ. ಅಲ್ಲೂ ಎಚ್ಚರ ಬೇಕು. ಎಂಸಿಎಫ್-7/ಎಡಿಆರ್ ಅನ್ನೋ ಕೋಶಗಳನ್ನ ವರ್ಷಗಟ್ಟಲೆ ಔಷಧಿಗೆ ಬಗ್ಗದ ಸ್ತನ ಕ್ಯಾನ್ಸರ್ ಅಂತ ಬಳಸಿದ್ರು, ಕೊನೆಗೆ ಅದು ಅಂಡಾಶಯದ ಕ್ಯಾನ್ಸರಿಂದ ಬಂದ ಕೋಶ ಅಂತ ಗೊತ್ತಾಗಿ ಹೆಸರೇ ಬದಲಾಯಿಸಬೇಕಾಯ್ತು, ಹಳೇ ಪೇಪರ್‌ಗಳು ಮಾತ್ರ ಇವತ್ತಿಗೂ ಓಡಾಡ್ತಿವೆ.

ಮುಂದಿನದು ಪ್ರಮಾಣ, ಜನ ನೋಡದೇ ಬಿಡೋದು ಇದನ್ನೇ. ಅರಿಶಿನದ ಕರ್ಕ್ಯುಮಿನ್‌ನ ಪ್ಲೇಟಿಗೆ ಸಾಮಾನ್ಯವಾಗಿ ಹತ್ತಿಪ್ಪತ್ತು ಮೈಕ್ರೋಮೋಲಾರ್ (ದ್ರವದಲ್ಲಿ ವಸ್ತು ಎಷ್ಟಿದೆ ಅನ್ನೋ ಅಳತೆ) ಲೆಕ್ಕದಲ್ಲಿ ಹಾಕ್ತಾರೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದೋರಿಗೆ ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದ ಟ್ರಯಲ್ ಒಂದು 2008ರಲ್ಲಿ ಪ್ರಕಟ ಆಯ್ತು, ಅಷ್ಟು ನುಂಗಿದ್ರೂ ರಕ್ತದಲ್ಲಿ ಸಿಕ್ಕಿದ್ದು ಮಿಲಿಲೀಟರ್‌ಗೆ 22ರಿಂದ 41 ನ್ಯಾನೋಗ್ರಾಂ. ಲೆಕ್ಕ ಹಾಕಿದ್ರೆ ಪ್ಲೇಟಲ್ಲಿ ಇದ್ದಿದ್ದರ ಹೆಚ್ಚುಕಮ್ಮಿ ನೂರರಲ್ಲಿ ಒಂದು ಪಾಲು, ಇಲ್ಲಾ ಅದಕ್ಕೂ ಕಡಿಮೆ.

ಇದಕ್ಕೆ ಜನ ಮೆಣಸು ಸೇರಿಸಿ ಅಂತಾರೆ, ಅದಕ್ಕೂ ಆಧಾರ ಇದೆ. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಲ್ಲೇ 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಆರೋಗ್ಯವಂತರ ದೇಹಕ್ಕೆ ಸೇರೋದು 2000 ಪರ್ಸೆಂಟ್ ಜಾಸ್ತಿ ಆಯ್ತು ಅಂತ ತೋರಿಸಿದ್ರು. ಅಪಾಯ ಇರೋದೂ ಅಲ್ಲೇ. ಪೈಪರಿನ್ ಮೊದ್ಲು ಹೇಳಿದ ಆ ಪಂಪನ್ನೂ ತಡೆಯತ್ತೆ, ಔಷಧಿ ಕರಗಿಸೋ ಸಿವೈಪಿ3ಎ4 ಕಿಣ್ವಾನೂ ತಡೆಯತ್ತೆ. ಪಂಪ್ ಬರೀ ಕ್ಯಾನ್ಸರ್ ಕೋಶದಲ್ಲಿ ಇಲ್ಲ, ನಮ್ಮ ಕರುಳು, ಲಿವರ್, ಕಿಡ್ನಿ, ಮೆದುಳಿನ ರಕ್ತನಾಳ ಎಲ್ಲಾ ಕಡೆ ಇದೆ, ವಿಷ ಹೊರಗೆ ಹಾಕೋಕೇ ಇರೋದು. ಅದನ್ನ ಮುಚ್ಚಿದ್ರೆ ಕೀಮೋ ಔಷಧಿ ರಕ್ತದಲ್ಲಿ ಅಳತೆ ಮೀರಿ ಉಳೀಬಹುದು. ವಾಲ್ಸ್‌ಪೊಡಾರ್ ಅನ್ನೋ ಪಂಪ್ ತಡೆಯೋ ಔಷಧಿ ಕೊಟ್ಟಾಗ ಇದೇ ಕಾರಣಕ್ಕೆ ಕೀಮೋ ಡೋಸ್ ಇಳಿಸಬೇಕಾಯ್ತು, ದೊಡ್ಡ ಟ್ರಯಲ್‌ಗಳಲ್ಲಿ ಲಾಭಾನೂ ಕಾಣಲಿಲ್ಲ. ಉಲ್ಟಾನೂ ಆಗತ್ತೆ, ಗ್ರೀನ್ ಟೀಯಲ್ಲಿರೋ ಇಜಿಸಿಜಿ ಅನ್ನೋ ಅಂಶ, ಮೈಲೋಮಾ ಅನ್ನೋ ರಕ್ತ ಕ್ಯಾನ್ಸರಿಗೆ ಕೊಡೋ ಬೋರ್ಟೆಜೋಮಿಬ್ ಔಷಧಿಗೆ ಅಂಟ್ಕೊಂಡು ಅದರ ಕೆಲಸಾನೇ ನಿಲ್ಲಿಸತ್ತೆ ಅಂತ 2009ರಲ್ಲಿ ಕೋಶ ಮತ್ತು ಇಲಿಗಳಲ್ಲಿ ಕಂಡುಬಂತು. ಬೋರ್ಟೆಜೋಮಿಬ್ ನಡೀತಿದ್ರೆ ಗ್ರೀನ್ ಟೀ ಎಕ್ಸ್‌ಟ್ರಾಕ್ಟ್ ಬೇಡವೇ ಬೇಡ.

ಹಾಗಂತ ಗಿಡದಿಂದ ಏನೂ ಆಗಲ್ಲ ಅಂತ ನಾನು ಹೇಳ್ತಿಲ್ಲ, ಖಂಡಿತ ಆಗಿದೆ. ಯೂ ಮರದ ಎಲೆಯ ವಸ್ತುವನ್ನ ಲ್ಯಾಬಲ್ಲಿ ಮಾರ್ಪಡಿಸಿ ಮಾಡಿದ ಕಬಾಜಿಟ್ಯಾಕ್ಸೆಲ್ ಆ ಪಂಪಿಗೆ ಅಷ್ಟಾಗಿ ಸಿಕ್ಕೋದೇ ಇಲ್ಲ. ಡೋಸಿಟ್ಯಾಕ್ಸೆಲ್ ಅನ್ನೋ ಕೀಮೋ ಕೈಕೊಟ್ಟ ಪ್ರಾಸ್ಟೇಟ್ ಕ್ಯಾನ್ಸರಿಗೆ ಅದನ್ನ 2010ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿತು, ಟ್ರಯಲಲ್ಲಿ ಬದುಕಿದ ಅವಧಿಯ ಮೀಡಿಯನ್ (ನಡುವಿನ ಲೆಕ್ಕ) ಬೇರೆ ಕೀಮೋ ತಗೊಂಡೋರಲ್ಲಿ 12.7 ತಿಂಗಳಿದ್ರೆ ಇದರಲ್ಲಿ 15.1 ಇತ್ತು. ಸೆಫಲೋಟ್ಯಾಕ್ಸಸ್ ಅನ್ನೋ ಮರದಿಂದ ಬಂದ ಓಮಾಸಿಟ್ಯಾಕ್ಸಿನ್ 2012ರಲ್ಲಿ ಬಂತು, ಸಿಎಂಎಲ್ ರಕ್ತ ಕ್ಯಾನ್ಸರಲ್ಲಿ ಎರಡೋ ಹೆಚ್ಚೋ ಥರದ ಮಾತ್ರೆ ಫೇಲ್ ಆದೋರಿಗೆ. ಎರಡೂ ಶುದ್ಧ ಮಾಡಿ, ಅಳತೆ ಗೊತ್ತುಮಾಡಿ, ಡಾಕ್ಟ್ರ ನಿಗಾದಲ್ಲಿ ಕೊಡೋ ಇಂಜೆಕ್ಷನ್‌ಗಳು, ಕಷಾಯ ಅಲ್ಲ.

ಇನ್ನು ಮನೆಯಲ್ಲಿ ಮಾಡ್ಬೇಕಾದ್ದು. ಪೇಷಂಟ್ ತಗೊಳ್ತಿರೋ ಪ್ರತಿ ಡಬ್ಬ, ಪುಡಿ, ಕಷಾಯದ ಬಾಟಲ್ ಎಲ್ಲದರ ಲೇಬಲ್ ಫೋಟೋ ತೆಗೆದು ಆಂಕಾಲಜಿಸ್ಟ್‌ಗೆ ತೋರಿಸಿ, ಬೈತಾರೆ ಅಂತ ಮುಚ್ಚಿಡಬೇಡಿ. ಸಾರು ಪಲ್ಯಕ್ಕೆ ಹಾಕೋ ಚಿಟಿಕೆ ಅರಿಶಿನ ಬೇರೆ, ಪೈಪರಿನ್ ಸೇರಿಸಿದ ಕ್ಯಾಪ್ಸೂಲ್ ಬೇರೆ, ಅದರಿಂದ ಲಿವರ್‌ಗೆ ಏಟು ಬಿದ್ದ ಕೇಸ್‌ಗಳು ವರದಿಯಾಗಿವೆ, ಅಮೃತಬಳ್ಳಿದೂ ಇವೆ. ಹೆಸರು ಹುಡುಕೋಕೆ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ 'ಅಬೌಟ್ ಹರ್ಬ್ಸ್' ಪುಟ ಫ್ರೀ ಇದೆ, ಯಾವ ಗಿಡ ಯಾವ ಔಷಧಿ ಜೊತೆ ಜಗಳ ಆಡತ್ತೆ ಅಂತ ಬರೆದಿರತ್ತೆ. ಯಾರಾದ್ರೂ "ಇದು ಟ್ರಯಲ್ ನಡೀತಿದೆ" ಅಂದ್ರೆ ಸಿಟಿಆರ್‌ಐ (ಭಾರತದಲ್ಲಿ ನಡೆಯೋ ಟ್ರಯಲ್‌ಗಳ ಸರ್ಕಾರಿ ದಾಖಲೆ) ನೋಂದಣಿ ನಂಬರ್ ಕೇಳಿ, ಆ ವೆಬ್‌ಸೈಟಲ್ಲಿ ನೀವೇ ಹಾಕಿ ನೋಡಿ, ಎಥಿಕ್ಸ್ ಕಮಿಟಿ ಹೆಸರು, ಎಷ್ಟು ಜನರ ಮೇಲೆ, ಯಾವ ಹಂತ ಎಲ್ಲಾ ಅಲ್ಲೇ ಸಿಗತ್ತೆ. ನಂಬರ್ ಕೊಡದೆ ಪ್ಯಾಕೇಜ್ ರೇಟ್ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ.